ಜಿನೀವಾದಾಗ ಸಹಿ, ಜೇವರ್ಗಿಯಾಗ ಜೀತ

ಹಾಸ್ಟೆಲಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಭಾರತ ಸರ್ಕಾರಕ್ಕೆ ಎರಡು ನಾಲಿಗೆ. ಒಂದು ನಾಲಿಗೆ ಜಿನೀವಾದಲ್ಲಿ ಮಾತಾಡುತ್ತದೆ, ಇನ್ನೊಂದು ನಮ್ಮ ತಹಸೀಲ ಕಚೇರಿಯಲ್ಲಿ. ಜಿನೀವಾದ ನಾಲಿಗೆ ಹೇಳುತ್ತದೆ: ನಮ್ಮ ದೇಶದಲ್ಲಿ ಬಲವಂತದ ದುಡಿಮೆಗೆ ನಿಷೇಧವಿದೆ, ಕಾನೂನಿದೆ, ಸಮಿತಿಯಿದೆ, ಪರಿಹಾರವಿದೆ. ತಹಸೀಲ ಕಚೇರಿಯ ನಾಲಿಗೆ ಹೇಳುತ್ತದೆ: "ಎಲ್ಲಿ ಅದಪ್ಪಾ ಜೀತ? ಯಾರ್ ಹೇಳಿದ್ರು ನಿನಗ? ಅವ ಪಗಾರದ ಆಳು ಇದ್ದಾನ, ತಾನೇ ಒಪ್ಪಿ ಬಂದಾನ." ಈ ಎರಡು ನಾಲಿಗೆಗಳ ನಡುವೆ ಆಳಂದ, ಅಫಜಲಪುರ, ಜೇವರ್ಗಿಯ ನಮ್ಮ ಕೇರಿಗಳು ಸಿಕ್ಕಿಬಿದ್ದಿವೆ.

ನಾವು ನೌಕರಿ ಪರೀಕ್ಷೆಗೆ ಓದುವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಪ್ರಶ್ನೆ ಇರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐ.ಎಲ್.ಓ., ಹುಟ್ಟಿದ್ದು ಯಾವಾಗ? 1919. ಕಚೇರಿ ಎಲ್ಲಿ? ಜಿನೀವಾ. ಒಂದು ಮಾರ್ಕು. ಬಾಯಿಪಾಠ ಮಾಡ್ತೀವಿ, ಗುರುತು ಹಾಕ್ತೀವಿ, ಮರೀತೀವಿ. ಆ ಒಂದು ಮಾರ್ಕಿನ ಹಿಂದೆ ನಮ್ಮವ್ವನ ಕೂಲಿ ಅದ, ನಮ್ಮಣ್ಣನ ಜೀತ ಅದ ಅಂತ ಯಾವ ಮಾಸ್ತರರೂ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇವೆ.

ಆ ಸಂಘಟನೆಯಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಎಂದು ಮೂರು ಪಕ್ಷ. ಮೂವರೂ ಕೂತು ದುಡಿಮೆಗೆ ಕಟ್ಟಳೆ ಬರೆಯುತ್ತಾರೆ. ಅದಕ್ಕೆ ಒಡಂಬಡಿಕೆ ಎನ್ನುತ್ತಾರೆ. ಸಹಿ ಹಾಕಿ ಅನುಮೋದಿಸಿದ ದೇಶ ತನ್ನ ಕಾನೂನನ್ನು ಅದಕ್ಕೆ ತಕ್ಕಂತೆ ಮಾಡಬೇಕು, ಏನು ಮಾಡಿದೆ ಎಂದು ವರದಿ ಒಪ್ಪಿಸಬೇಕು. ಭಾರತ 47 ಒಡಂಬಡಿಕೆಗಳನ್ನು ಒಪ್ಪಿಕೊಂಡಿದೆ. ದೊಡ್ಡ ಸಂಖ್ಯೆ. ಆದರೆ ಸಂಖ್ಯೆ ಎಣಿಸುವುದು ಅಧಿಕಾರಿಗಳ ಕೆಲಸ. ಯಾವುದಕ್ಕೆ ಸಹಿ ಹಾಕಿ ಮಲಗಿದರು, ಯಾವುದಕ್ಕೆ ಸಹಿಯನ್ನೇ ಹಾಕಲಿಲ್ಲ ಎಂದು ಕೇಳುವುದು ನಮ್ಮ ಕೆಲಸ.

ಮೊದಲು ಹುಟ್ಟಿನ ಕಥೆ ಕೇಳಿ. 1919ರಲ್ಲಿ ಭಾರತ ಸ್ಥಾಪಕ ಸದಸ್ಯ ಆಯಿತು. ದೇಶಕ್ಕೆ ಸ್ವಾತಂತ್ರ್ಯವೇ ಇರಲಿಲ್ಲ, ಆದರೂ ಕುರ್ಚಿ ಸಿಕ್ಕಿತು. ಬ್ರಿಟಿಷರು ತಮ್ಮ ಬಗಲಲ್ಲಿ ಕೂರಿಸಿಕೊಂಡು ಹೋದರು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ನಡೆದ ಮೊದಲ ಸಮ್ಮೇಳನಕ್ಕೆ ಕಾರ್ಮಿಕರ ಪರವಾಗಿ ಎನ್.ಎಂ. ಜೋಶಿ ಹೋದರು. ಅಲ್ಲಿ ಬರೆದ ಒಂದನೇ ಒಡಂಬಡಿಕೆಯೇ ದುಡಿಮೆಯ ಗಂಟೆಗಳದ್ದು. ದಿನಕ್ಕೆ 8 ಗಂಟೆ, ವಾರಕ್ಕೆ 48. ಆದರೆ ಅದೇ ಕಾಗದದ 10ನೇ ಕಲಮು ಓದಿ: ಬ್ರಿಟಿಷ್ ಇಂಡಿಯಾಕ್ಕೆ ವಾರಕ್ಕೆ 60 ಗಂಟೆ! ಬಿಳಿಯನ ಮೈಗೆ 48 ಗಂಟೆಯ ದಣಿವು ಸಾಕು, ಕರಿಯನ ಮೈಗೆ ಇನ್ನೂ 12 ಗಂಟೆ ಸೇರಿಸಿ ಎಂದು ಮಾನವೀಯತೆಯ ಮೊದಲ ಹಾಳೆಯಲ್ಲೇ ಬರೆದರು. 1921ರಲ್ಲಿ ನಮ್ಮ ಹೆಸರಿನಲ್ಲಿ ಅದನ್ನು ಅನುಮೋದಿಸಿಯೂ ಬಿಟ್ಟರು. 1922ರಿಂದ ಆಡಳಿತ ಮಂಡಳಿಯಲ್ಲಿ ಭಾರತಕ್ಕೆ ಕಾಯಂ ಕುರ್ಚಿ.

ಅದೂ ಬ್ರಿಟಿಷ್ ಇಂಡಿಯಾದ ಮಾತಾಯಿತು. ಆಳಂದ, ಅಫಜಲಪುರ, ಜೇವರ್ಗಿ ಆಗ ನಿಜಾಮನ ಸೀಮೆ. ಜಿನೀವಾದ ಕಾಗದ ಭೀಮಾ ನದಿ ದಾಟಿ ನಮ್ಮ ಕಡೆ ಬರಲೇ ಇಲ್ಲ. ನಮ್ಮ ಅಜ್ಜಂದಿರಿಗೆ 48 ಗಂಟೆಯೂ ಇಲ್ಲ, 60 ಗಂಟೆಯೂ ಇಲ್ಲ. ಕೋಳಿ ಕೂಗಿದಾಗ ಶುರು, ಗೌಡ ಸಾಕು ಅಂದಾಗ ಮುಗಿತು.

ಈ ಗಂಟೆಗಳನ್ನು ನಿಜವಾಗಿ ಇಳಿಸಿದವರು ಯಾರು? ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದದ್ದು 1942ರಿಂದ 1946. ಅವರು ತಂದ ಮಸೂದೆಯಿಂದಲೇ 1946ರಲ್ಲಿ ಫ್ಯಾಕ್ಟರಿ ದುಡಿಮೆ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಜಗತ್ತಿಗೆ 1919ರಲ್ಲಿ ಬರೆದ ಲೆಕ್ಕ ನಮಗೆ ಮುಟ್ಟಲು 27 ವರ್ಷ ಬೇಕಾಯಿತು, ಒಬ್ಬ ಅಸ್ಪೃಶ್ಯನ ಕೈ ಬೇಕಾಯಿತು. ಅದೇ ಬಾಬಾಸಾಹೇಬರ ಫೋಟೋಕ್ಕೆ ಪ್ರತಿ ಏಪ್ರಿಲ್ 14ಕ್ಕೆ ಮಾಲೆ ಹಾಕುವ ವಿಧಾನಸೌಧ 2023ರಲ್ಲಿ ಏನು ಮಾಡಿತು? ದಿನಕ್ಕೆ 12 ಗಂಟೆ ದುಡಿಸಬಹುದು ಎಂದು ಫ್ಯಾಕ್ಟರಿ ಕಾಯ್ದೆಯನ್ನು ತಿದ್ದಿತು. ವಾರಕ್ಕೆ 48ರ ಮಿತಿ ಇದೆಯಲ್ಲ ಎನ್ನುತ್ತಾರೆ. ದಿನಾ 12 ಗಂಟೆ ನಿಂತ ಕಾಲಿಗೆ ವಾರದ ಲೆಕ್ಕ ಹೇಳಿದರೆ ನೋವು ಹೋಗುತ್ತದೇನು? ಮಾಲೆ ಕೊರಳಿಗೆ, ಕತ್ತರಿ ಕಾಯ್ದೆಗೆ.

ಈಗ ಜೀತಕ್ಕೆ ಬರೋಣ.

1930ರಲ್ಲಿ ಜಿನೀವಾದಲ್ಲಿ 29ನೇ ಒಡಂಬಡಿಕೆ ಬರೆದರು. ಶಿಕ್ಷೆಯ ಭಯ ತೋರಿಸಿ, ಮನಸ್ಸಿಲ್ಲದವನಿಂದ ಮಾಡಿಸಿಕೊಂಡ ಕೆಲಸವೆಲ್ಲ ಬಲವಂತದ ದುಡಿಮೆ, ಅದನ್ನು ನಿಲ್ಲಿಸಬೇಕು ಎಂದರು. ಒಳ್ಳೆಯದು. ಆದರೆ ಅದಕ್ಕೂ ಎರಡು ವರ್ಷ ಮೊದಲು, 1928ರಲ್ಲಿ, ಮುಂಬಯಿ ಶಾಸನ ಸಭೆಯಲ್ಲಿ ಬಾಬಾಸಾಹೇಬರು ಮಹಾರ್ ವತನದ ಮಸೂದೆ ಇಟ್ಟಿದ್ದರು. ಹುಟ್ಟಿದ ಜಾತಿಯ ಕಾರಣಕ್ಕೆ ಹಗಲೂ ರಾತ್ರಿ ಸರ್ಕಾರದ್ದು, ಊರಿನದ್ದು ಚಾಕರಿ ಮಾಡಬೇಕೆಂಬ ಕಟ್ಟಿನ ವಿರುದ್ಧ ಅದು. ಜಗತ್ತಿಗೆ ಪಾಠ ಹೇಳುವ ಶಕ್ತಿ ನಮ್ಮ ಕೇರಿಗಿತ್ತು. ನಾವು ಜಿನೀವಾದಿಂದ ಭಿಕ್ಷೆ ಕೇಳುತ್ತಿಲ್ಲ.

ಸ್ವತಂತ್ರ ಭಾರತ ತನ್ನ ಸಂವಿಧಾನದ 23ನೇ ವಿಧಿಯಲ್ಲಿ ಬಿಟ್ಟಿ ಚಾಕರಿ ನಿಷೇಧಿಸಿತು. 1954ರ ನವೆಂಬರ್ 30ರಂದು 29ನೇ ಒಡಂಬಡಿಕೆಯನ್ನೂ ಅನುಮೋದಿಸಿತು. ಆಗ ನಮ್ಮ ತಾಲೂಕುಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು. ಆದರೆ ಜೀತ ರದ್ದು ಮಾಡುವ ಕೇಂದ್ರದ ಕಾನೂನು ಬಂದದ್ದು ಯಾವಾಗ? 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಸಹಿಗೂ ಕಾನೂನಿಗೂ ನಡುವೆ 21 ವರ್ಷ. ಸಹಿ ಹಾಕಿದ ದಿನ ಹುಟ್ಟಿದ ಕೂಸು ಜೀತಕ್ಕೆ ಸೇರಿ, ಮದುವೆಯಾಗಿ, ತನ್ನ ಕೂಸನ್ನೂ ದನ ಕಾಯಲು ಬಿಡುವಷ್ಟು ಕಾಲ.

ತಡವಾಗಿ ಬಂದರೂ ಆ 1976ರ ಕಾಯ್ದೆ ಕಬ್ಬಿಣದಂಥದ್ದು. ನಮ್ಮ ಹುಡುಗರು ಅದನ್ನು ಓದಿಲ್ಲ, ಓದಬೇಕು. ಅದರ 2ನೇ ಕಲಮಿನಲ್ಲಿ ದೇಶದ ಜೀತ ಪದ್ಧತಿಗಳ ಹೆಸರಿನ ಪಟ್ಟಿ ಇದೆ. ಆ ಪದ್ಧತಿ ಇದ್ದರೆ ಸಾಲದ ಕರಾರು ಇದೆ ಎಂದೇ ತಿಳಿಯಬೇಕು ಎನ್ನುತ್ತದೆ. ಅಲ್ಲಿ 'ಜೀತ' ಇದೆ, 'ಭಗೇಲಾ' ಇದೆ, 'ವೆಟ್ಟಿ' ಇದೆ. ಕೇರಳದ ಚೆರುಮರ ಹೆಸರಿದೆ. ಜೊತೆಗೆ ಇನ್ನೊಂದು ಹೆಸರಿದೆ. ಕಣ್ಣು ತೆರೆದು ಓದಿ: 'ಹೊಲ್ಯ'! ಇದು ಹೊಲೆಯ ಅಲ್ಲದೆ ಮತ್ತೇನು? ದೇಶದ ಪಾರ್ಲಿಮೆಂಟು ತನ್ನ ಕಾಯ್ದೆಯಲ್ಲಿ ನಮ್ಮ ಕುಲದ ಹೆಸರನ್ನೇ ಗುಲಾಮಗಿರಿಯ ಹೆಸರು ಎಂದು ಬರೆದುಕೊಂಡಿದೆ. ಇಷ್ಟಾದ ಮೇಲೂ ಸಾಹೇಬ್ರು ಕೇಳ್ತಾರ, "ಜೀತಕ್ಕೂ ಜಾತಿಗೂ ಏನಪ್ಪಾ ಸಂಬಂಧ?"

ಅದೇ ಕಲಮು ಮುಂದೆ ಹೇಳುತ್ತದೆ: ಮುಂಗಡ ಸಾಲಕ್ಕೆ ದುಡಿದರೆ ಜೀತ. ಊರ ರೂಢಿಯ ಕಟ್ಟಿಗೆ ದುಡಿದರೆ ಜೀತ. ಅಪ್ಪನಿಂದ ಮಗನಿಗೆ ಬಂದ ಹೊಣೆಗೆ ದುಡಿದರೆ ಜೀತ. ಒಂದು ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ದುಡಿದರೂ ಜೀತ. ಜೀತದ ಸಾಲ ಅಲ್ಲ ಎಂದು ಸಾಧಿಸುವ ಭಾರ ಸಾಲಗಾರನ ಮೇಲಿಲ್ಲ, ಸಾಹುಕಾರನ ಮೇಲಿದೆ ಎಂದು 15ನೇ ಕಲಮು. ಜೀತದ ಸಾಲ ತೀರಿಸಬೇಕಾದ್ದೇ ಇಲ್ಲ, ಅದು ಸತ್ತುಹೋಯಿತು ಎಂದು 6ನೇ ಕಲಮು. ಜೀತ ಮಾಡಿಸಿದವನಿಗೆ ಮೂರು ವರ್ಷದವರೆಗೆ ಜೈಲು.

ಇಂಥ ಕಾಯ್ದೆಯಲ್ಲೂ ನಮ್ಮನ್ನು ಎಷ್ಟಕ್ಕೆ ತೂಗಿದ್ದಾರೆ ನೋಡಿ. ಜೀತ ಮಾಡಿಸಿದವನಿಂದ ದಂಡ ವಸೂಲಾದರೆ ಅದರಲ್ಲಿ ದುಡಿದವನಿಗೆ ದಿನಕ್ಕೆ ಐದು ರೂಪಾಯಿ. 1976ರಲ್ಲಿ ಬರೆದದ್ದು. ಇವತ್ತು ಐದು ರೂಪಾಯಿಗೆ ಬಸ್ ಸ್ಟ್ಯಾಂಡಿನಾಗ ಒಂದು ಕಪ್ ಚಾ ಬರಂಗಿಲ್ಲ.

ನಮ್ಮ ಕಡೆ ಜೀತ ಹೆಂಗಿರ್ತದ ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಕಾಲಿಗೆ ಸರಪಳಿ ಹುಡುಕುವವರಿಗೆ ಅದು ಕಾಣುವುದಿಲ್ಲ. ಯುಗಾದಿಯಿಂದ ಯುಗಾದಿಗೆ ಒಂದು ಮಾತು, ಮುಂಗಡ ಒಂದಿಷ್ಟು. ಅವ್ವನ ದವಾಖಾನಿಗೆ, ತಂಗಿಯ ಮದುವಿಗೆ. ನಡುವೆ ಒಂದು ದಿನ ತಪ್ಪಿದರೆ ಕಡತ, ಜ್ವರ ಬಂದರೂ ಕಡತ. ಮುಂದಿನ ಯುಗಾದಿಗೆ ಲೆಕ್ಕ ಮಾಡಿದರೆ ಸಾಲ ಹೋದ ವರ್ಷಕ್ಕಿಂತ ಉದ್ದ. ನಮ್ಮ ಜೊತೆ ಓದಿದ ಒಬ್ಬನ ಅಣ್ಣ ಹೀಗೆ ಮೂರು ಯುಗಾದಿ ಕಳೆದ. ಅಣ್ಣ ದನದ ಕೊಟ್ಟಿಗೆಯಲ್ಲಿ ಮಲಗಿದ್ದರಿಂದಲೇ ತಮ್ಮ ಹಾಸ್ಟೆಲಿನಲ್ಲಿ ಮಲಗಿದ. ನಮ್ಮ ಡಿಗ್ರಿ ಸರ್ಟಿಫಿಕೇಟಿನ ಹಿಂಬದಿಗೆ ಯಾರ್ಯಾರ ಹೆಬ್ಬೆಟ್ಟು ಇದೆ ಎಂದು ಒಮ್ಮೆ ತಿರುಗಿಸಿ ನೋಡಿಕೊಳ್ಳಬೇಕು.

ಇನ್ನೊಂದು ಕಬ್ಬಿನ ಜೀತ. ಮುಕಾದಮ ಮುಂಗಡ ಕೊಟ್ಟು ಗಂಡ ಹೆಂಡತಿಯನ್ನು ಒಂದು ಜೋಡಿ ಎಂದು ಬರೆದುಕೊಳ್ಳುತ್ತಾನೆ. ಎರಡು ಜೀವ, ನಾಲ್ಕು ಕೈ, ಲೆಕ್ಕ ಒಂದು. ಹೊಟ್ಟಿಯಾಗ ಕೂಸು ಇಟ್ಟುಕೊಂಡು ಕಬ್ಬಿನ ಹೊರೆ ಹೊತ್ತ ಹೆಣ್ಣುಮಗಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನದ 100ನೇ ಒಡಂಬಡಿಕೆಯನ್ನು ಭಾರತ 1958ರಲ್ಲೇ ಅನುಮೋದಿಸಿದೆ. ಆಕೆಯ ಕೂಲಿ ಆಕೆಯ ಕೈಗೇ ಬರದಿದ್ದರೆ ಸಮಾನ ಯಾವುದು, ವೇತನ ಯಾವುದು?

ಮೂರನೆಯದು ಊರ ಚಾಕರಿ. ಹಲಗಿ ಬಡಿ, ಸತ್ತ ದನ ಎಳಿ, ಕುಣಿ ತೋಡು, ಸಾವಿನ ಸುದ್ದಿ ಒಯ್ಯಿ. ಕೊಡುವುದು ಸುಗ್ಗಿಗೆ ಒಂದು ಮೊರ ಜೋಳ. ಒಲ್ಲೆ ಅಂದವನಿಗೆ ಬಹಿಷ್ಕಾರ: ಕಿರಾಣಿ ಅಂಗಡಿ ಬಂದ್, ಗಿರಣಿ ಬಂದ್, ಹೊಲದ ಕೂಲಿ ಬಂದ್. ಇಲ್ಲಿ 29ನೇ ಒಡಂಬಡಿಕೆಯಲ್ಲೇ ಒಂದು ಸಂದು ಇದೆ. ಊರಿನ ಒಳಿತಿಗಾಗಿ ಊರವರೇ ಮಾಡುವ ಸಣ್ಣಪುಟ್ಟ ಸೇವೆ ಬಲವಂತದ ದುಡಿಮೆ ಅಲ್ಲ ಎನ್ನುತ್ತದೆ ಅದು. ಗೌಡರಿಗೆ ಬೇಕಾದ್ದು ಇದೇ: "ಊರ ಸೇವಾ ಅಲ್ಲೇನೋ, ದೇವರ ಕೆಲಸ ಅಲ್ಲೇನೋ!" ಆದರೆ ಆ ಸಂದಿಗೆ ಬಾಗಿಲೂ ಇದೆ. ಅಂಥ ಸೇವೆ ಬೇಕೋ ಬೇಡವೋ ಎಂದು ಆ ಸಮುದಾಯದ ಜನರನ್ನು ಕೇಳಬೇಕು ಎನ್ನುತ್ತದೆ ಅದೇ ವಾಕ್ಯ. ಯಾವ ಊರಿನ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ ಕೇಳಿದ್ದಾರೆ? ಕಟ್ಟೆಯ ಕೆಳಗೆ ನಿಲ್ಲಿಸಿ ಹೇಳಿದ್ದಾರೆ, ಅಷ್ಟೇ. ಸತ್ತ ದನ ಎಳೆಸುವುದು, ಕುಣಿ ತೋಡಿಸುವುದು ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ನೇರ ಅಪರಾಧ. ಅದನ್ನೂ ಬರೆದಿಟ್ಟುಕೊಳ್ಳಿ.

"ತಾವೇ ಒಪ್ಪಿ ಬರ್ತಾರ" ಎನ್ನುವವರಿಗೆ ಸುಪ್ರೀಂ ಕೋರ್ಟು 1982ರಲ್ಲೇ ಉತ್ತರ ಕೊಟ್ಟಿದೆ. ದಿಲ್ಲಿಯ ಏಷ್ಯನ್ ಕ್ರೀಡೆಗಳಿಗೆ ಕಟ್ಟಡ ಕಟ್ಟಿದ ಕೂಲಿಗಳ ಮೊಕದ್ದಮೆ ಅದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು 23ನೇ ವಿಧಿಯ ಬಲವಂತದ ದುಡಿಮೆ, ಹಸಿವಿನ ಒತ್ತಾಯವೂ ಒತ್ತಾಯವೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಕೊಟ್ಟರು. ಹಸಿದವನ ಒಪ್ಪಿಗೆ ಒಪ್ಪಿಗೆಯಲ್ಲ. ಇನ್ನು "ಜೀತವೇ ಇಲ್ಲ" ಎನ್ನುವವರಿಗೆ ಅವರ ಸರ್ಕಾರವೇ ಉತ್ತರ ಕೊಟ್ಟಿದೆ. 2030ರೊಳಗೆ 1 ಕೋಟಿ 84 ಲಕ್ಷ ಜೀತದಾಳುಗಳನ್ನು ಗುರುತಿಸಿ ಬಿಡಿಸುತ್ತೇವೆ ಎಂದು ಕೇಂದ್ರ ಸರ್ಕಾರ 2016ರಲ್ಲಿ ಹೇಳಿತು. ಇಲ್ಲದ ಜೀತದಿಂದ ಕೋಟಿಗಟ್ಟಲೆ ಜನರನ್ನು ಬಿಡಿಸುವುದು ಹೇಗೆ ಸ್ವಾಮೀ?

ಇದು ಸಹಿ ಹಾಕಿ ಮಲಗಿದ ಕಥೆ. ಇನ್ನು ಸಹಿ ಹಾಕದ ಕಥೆ.

87ನೇ ಒಡಂಬಡಿಕೆ: ದುಡಿಯುವವರು ಯಾರ ಅಪ್ಪಣೆಯೂ ಇಲ್ಲದೆ ಸಂಘ ಕಟ್ಟುವ ಹಕ್ಕು, 1948ರದ್ದು. 98ನೇ ಒಡಂಬಡಿಕೆ: ಒಟ್ಟಾಗಿ ಕೂತು ಚೌಕಾಶಿ ಮಾಡುವ ಹಕ್ಕು, 1949ರದ್ದು. ಸ್ಥಾಪಕ ಸದಸ್ಯ ಭಾರತ ಈ ಎರಡನ್ನೂ ಅನುಮೋದಿಸಿಲ್ಲ. ನೆವ ಏನು ಗೊತ್ತೇ? ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕು, ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವ ಹಕ್ಕು ಕೊಡಬೇಕಾಗುತ್ತದಂತೆ, ನಿಯಮ ಒಪ್ಪುವುದಿಲ್ಲವಂತೆ. ಗುಮಾಸ್ತನ ನೆವ ಹೇಳಿ ಹೊಲದ ಕೂಲಿಯವಳ ಬಾಯಿ ಕಟ್ಟಿದರು. ಹೊಲದ ಕೂಲಿಗಳಿಗೂ ಸಂಘದ ಹಕ್ಕಿದೆ ಎನ್ನುವ 11ನೇ ಒಡಂಬಡಿಕೆಯನ್ನು ಬ್ರಿಟಿಷ್ ಕಾಲದ ಭಾರತ 1923ರಲ್ಲಿ ಅನುಮೋದಿಸಿತ್ತು. ಗ್ರಾಮೀಣ ದುಡಿಮೆಗಾರರ ಸಂಘಗಳ 141ನೆಯದನ್ನು ಸ್ವತಂತ್ರ ಭಾರತ 1977ರಲ್ಲಿ ಅನುಮೋದಿಸಿತು. ಅಂದರೆ ಸಂಘ ಕಟ್ಟಿ ಎಂದು ಒಂದು ಕೈ ಬರೆಯುತ್ತದೆ. ಕಟ್ಟಿದ ಸಂಘದ ಜೊತೆ ಮಾಲೀಕ ಮಾತಾಡಲೇಬೇಕು ಎಂದು ಬರೆಯುವಾಗ ಆ ಕೈಗೆ ಲಕ್ವ ಹೊಡೆಯುತ್ತದೆ.

ಜೀತ ಮತ್ತು ಸಂಘ ಎರಡು ವಿಷಯವಲ್ಲ ಗೆಳೆಯರೇ, ಒಂದೇ ವಿಷಯ. ಒಬ್ಬೊಬ್ಬನೇ ಸಾಹುಕಾರನ ಬಾಗಿಲಿಗೆ ಹೋದರೆ ಸಿಗುವುದು ಮುಂಗಡ. ಐವತ್ತು ಜನ ಕೂಡಿ ಹೋದರೆ ಸಿಗುವುದು ಕೂಲಿ. ಇದು ಗೊತ್ತಿದ್ದೇ ಅವರು 29ಕ್ಕೆ ಸಹಿ ಹಾಕಿದರು, 98ನ್ನು ಬಿಟ್ಟರು. ಬಿಡುಗಡೆ ಸರ್ಕಾರದ ಕೈಯಿಂದ ದಾನವಾಗಿ ಬರಲಿ, ಕೂಲಿಯವರ ಕೈಯಿಂದ ಹಕ್ಕಾಗಿ ಬರಬಾರದು. ಇದೇ ಅವರ ಲೆಕ್ಕ.

2025ರ ನವೆಂಬರ್ 21ರಿಂದ 29 ಕಾರ್ಮಿಕ ಕಾಯ್ದೆಗಳನ್ನು ನುಂಗಿದ ನಾಲ್ಕು ಸಂಹಿತೆಗಳು ಜಾರಿಗೆ ಬಂದವು. ನಮಗೆ ತಾಗುವ ಒಂದೇ ಉದಾಹರಣೆ ಸಾಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಜನ ವಲಸಿಗರಿದ್ದರೆ ಸಾಕು, ಲಾಗೂ ಆಗುತ್ತಿತ್ತು. ಹೊಸ ಸಂಹಿತೆಗೆ ಹತ್ತು ಜನ ಬೇಕು. ಒಂಬತ್ತು ಜನರನ್ನು ಮಹಾರಾಷ್ಟ್ರದ ಕಬ್ಬಿಗೋ ಪುಣೆಯ ಕಟ್ಟಡಕ್ಕೋ ಒಯ್ಯುವ ಮುಕಾದಮನಿಗೆ ಇದಕ್ಕಿಂತ ಹಬ್ಬ ಬೇಕೇ? ಆದರೆ ಒಂದು ಮಾತು ನೆನಪಿಡಿ: ನುಂಗಿದ 29ರ ಪಟ್ಟಿಯಲ್ಲಿ 1976ರ ಜೀತ ಕಾಯ್ದೆ ಇಲ್ಲ. ಅದು ಇನ್ನೂ ಜೀವಂತ ಇದೆ. ನಮ್ಮ ಕೈಯಲ್ಲಿ ಉಳಿದ ಕುಡುಗೋಲು ಅದು.

"ಮನೆ ಮಾತು ಹೊರಗೆ ಯಾಕ ಹೇಳ್ತೀರಿ? ದೇಶದ ಮರ್ಯಾದೆ ಹೋಗ್ತದ" ಎನ್ನುವ ದೇಶಭಕ್ತರೂ ಇದ್ದಾರೆ. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ದಲಿತರು ಜಾತಿಯ ಮಾತು ಎತ್ತಿದರು. ಜಾತಿ ಜನಾಂಗವಲ್ಲ, ಅದು ನಮ್ಮ ಒಳಗಿನ ವಿಷಯ ಎಂದು ಭಾರತ ಸರ್ಕಾರ ಬಾಗಿಲು ಹಾಕಿತು. ಆದರೆ ಉದ್ಯೋಗದಲ್ಲಿ ಭೇದಭಾವ ಬೇಡ ಎನ್ನುವ 111ನೇ ಒಡಂಬಡಿಕೆಯನ್ನು ಇದೇ ಸರ್ಕಾರ 1960ರಲ್ಲೇ ಅನುಮೋದಿಸಿದೆ. ಅದರಲ್ಲಿ 'ಸಾಮಾಜಿಕ ಮೂಲ' ಎಂಬ ಮಾತಿದೆ. ಜಾತಿ ಅದರೊಳಗೆ ಬರುತ್ತದೆ ಎಂದು ಐ.ಎಲ್.ಓ. ತಜ್ಞರ ಸಮಿತಿ ಹಿಡಿದಿದೆ, ಮಲ ಹೊರುವ ಪದ್ಧತಿಯ ಬಗ್ಗೆ ಭಾರತವನ್ನು ಮತ್ತೆ ಮತ್ತೆ ಕೇಳಿದೆ. ಅಂದರೆ ಮನೆ ಮಾತು 1960ರಲ್ಲೇ ಹೊರಗೆ ಹೋಗಿದೆ. ಹೊರಗೆ ಒಯ್ದವರು ನಾವಲ್ಲ, ಸರ್ಕಾರದ ಸಹಿ. ಇಷ್ಟಕ್ಕೂ ಯಾವ ಮನೆ? ಆ ಮನೆಯ ಪಡಸಾಲೆಗೂ ನಮ್ಮನ್ನು ಬಿಟ್ಟುಕೊಂಡಿಲ್ಲ. ಹಿತ್ತಲಲ್ಲಿ ನಿಂತವರಿಗೆ ಮನೆಯ ಮರ್ಯಾದೆ ಕಾಯುವ ಕೆಲಸ!

ನಮ್ಮೊಳಗೂ ಕೆಲವರು ಕೇಳುತ್ತಾರೆ: "ಜಿನೀವಾ ನಮಗ್ಯಾಕ್ರೀ, ಎಫ್.ಡಿ.ಎ. ಪಾಸಾದ್ರ ಸಾಕು." ಪಾಸಾಗಿ, ಖಂಡಿತ ಆಗಿ. ಆದರೆ ಜಿನೀವಾಕ್ಕೆ ಹೋಗುವ ವರದಿ ಹುಟ್ಟುವುದು ಎಲ್ಲಿ? ತಾಲೂಕಿನಲ್ಲಿ. ಗುಮಾಸ್ತ 'ಜೀತ ಪ್ರಕರಣ: ನಿರಂಕ' ಎಂದು ಬರೆಯುತ್ತಾನೆ. ಆ ಸೊನ್ನೆ ಕಲಬುರಗಿಗೆ ಹೋಗಿ, ಬೆಂಗಳೂರಿಗೆ ಹೋಗಿ, ದಿಲ್ಲಿಗೆ ಹೋಗಿ, ಕೋಟು ಹಾಕಿಕೊಂಡು ವಿಮಾನ ಹತ್ತುತ್ತದೆ. ನಾಳೆ ಆ ಗುಮಾಸ್ತನ ಕುರ್ಚಿಯಲ್ಲಿ ನೀವೇ ಕೂತಿರುತ್ತೀರಿ. ಆಗ ಸೊನ್ನೆ ಬರೆಯುತ್ತೀರೋ, ಅಣ್ಣನ ಹೆಸರು ಬರೆಯುತ್ತೀರೋ?

ಅಲ್ಲಿವರೆಗೆ ಕೈಕಟ್ಟಿ ಕೂರಬೇಕಿಲ್ಲ. ಜೀತ ಕಾಯ್ದೆಯ 13ನೇ ಕಲಮಿನ ಪ್ರಕಾರ ಪ್ರತಿ ಜಿಲ್ಲೆಗೂ ಪ್ರತಿ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು ಇರಬೇಕು. ಆ ಮೂವರು ಯಾರು? ಎಂದು ಸಭೆ ಸೇರಿದರು? ಏನು ಬರೆದರು? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ಒಬ್ಬ ಕೇಳಿದರೆ ಅರ್ಜಿ, ಪ್ರತಿ ಹಾಸ್ಟೆಲೂ ಕೇಳಿದರೆ ಚಳವಳಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ನೆಲದ ಮೇಲೇ ನಿಂತಿದೆ. ಅಲ್ಲಿ ಓದುವ ನಮ್ಮವರು ಸುತ್ತಲಿನ ಕೇರಿಗಳಿಗೆ ಇಳಿದು ಲೆಕ್ಕ ಬರೆಯಲಿ. ಸರ್ಕಾರ ಜಿನೀವಾಕ್ಕೆ ಕೊಡುವ ವರದಿಯ ಮೇಲೆ ಕಾರ್ಮಿಕರ ಸಂಘಗಳು ತಮ್ಮ ಮಾತು ಬರೆದು ಕಳಿಸಬಹುದು. ನಮ್ಮ ಅವ್ವಂದಿರ ಕೂಲಿ ಸಂಘ ಆ ಕಾಗದ ಬರೆಯಲಿ. ಅಕ್ಷರ ನಮ್ಮದು, ಹೆಬ್ಬೆಟ್ಟು ಅವರದು.

ನಮ್ಮ ಹಕ್ಕೊತ್ತಾಯಗಳು:

1. ಜಾಗೃತಿ ಸಮಿತಿಯ ಸದಸ್ಯರ ಹೆಸರು ಆಳಂದ, ಅಫಜಲಪುರ, ಜೇವರ್ಗಿಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಗೌಡರ ಬಾಲಂಗೋಚಿಗಳನ್ನು ಅದರಿಂದ ಕಿತ್ತುಹಾಕಬೇಕು.

2. ಯುಗಾದಿಯ ಹೊತ್ತಿಗೆ ಒಮ್ಮೆ, ಕಬ್ಬಿನ ಹಂಗಾಮಿಗೆ ಒಮ್ಮೆ ಕೇರಿ, ತಾಂಡಾಗಳಲ್ಲಿ ಜೀತದ ಸರ್ವೆ ಆಗಬೇಕು.

3. ಬಿಡುಗಡೆಯಾದವರಿಗೆ ಬಿಡುಗಡೆ ಪತ್ರ ಮತ್ತು ತುರ್ತು ಪರಿಹಾರದ 30,000 ರೂಪಾಯಿ ಕೂಡಲೇ ಕೈಗೆ ಸಿಗಬೇಕು. ಕೋರ್ಟಿನ ತೀರ್ಪಿನ ನೆವ ಬೇಡ.

4. ಕಾಯ್ದೆಯ ದಿನಕ್ಕೆ ಐದು ರೂಪಾಯಿಯನ್ನು ಅಳಿಸಿ ಅಂದಂದಿನ ಕನಿಷ್ಠ ಕೂಲಿ ಎಂದು ಬರೆಯಬೇಕು.

5. ಕಬ್ಬು ಕಡಿಯುವ ಹೆಣ್ಣುಮಗಳ ಹೆಸರನ್ನು ಬೇರೆ ಬರೆದು, ಕೂಲಿಯನ್ನು ಅವಳ ಕೈಗೇ ಕೊಡಬೇಕು.

6. 87 ಮತ್ತು 98ನೇ ಒಡಂಬಡಿಕೆಗಳನ್ನು ಭಾರತ ಅನುಮೋದಿಸಬೇಕು. ಜಿನೀವಾಕ್ಕೆ ಕಳಿಸುವ ವರದಿಗಳನ್ನು ಕನ್ನಡದಲ್ಲಿ ನಮ್ಮ ಮುಂದೆ ಇಡಬೇಕು.

ನೂರು ವರ್ಷದಿಂದ ಜಿನೀವಾದ ಕುರ್ಚಿಯಲ್ಲಿ ಕೂತವರು ನಮ್ಮ ಹೆಸರಿನಲ್ಲಿ ಸಹಿ ಹಾಕಿದ್ದಾರೆ. ಆ ಸಹಿಯ ಬಾಕಿ ವಸೂಲು ಮಾಡುವ ಕಾಲ ಬಂದಿದೆ. ಈ ಸಲ ಸಾಲಗಾರರು ನಾವಲ್ಲ, ಅವರು.

ಜೈ ಭೀಮ್.